ಎಲೆ ಮಡಿಸುವಷ್ಟು ಹೊತ್ತು

ಅವರಿಗೆ ಎಡಗಿವಿ ಕೇಳಿಸುತ್ತಿರಲಿಲ್ಲ. ಬಲಗೈಯಲ್ಲಿ ರೈಫಲ್ ಹೊಡೆಯುವವರಿಗೆ ಮೊದಲು ಕೆಡುವುದು ಎಡಗಿವಿಯಂತೆ, ನಳಿಗೆಯ ಬಾಯಿಗೆ ಅದೇ ಹತ್ತಿರ. ಆದ್ದರಿಂದ ಅವರು ನಮ್ಮ ಮನೆಗೆ ಬಂದಾಗಲೆಲ್ಲ ನಮ್ಮ ಯಜಮಾನರು ಅವರ ಬಲಕ್ಕೆ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು. ಅಡುಗೆಮನೆಯ ಬಾಗಿಲು ಎಡಕ್ಕಿತ್ತು. ನಾನು ಅಲ್ಲಿಂದ ಏನಾದರೂ ಕೇಳಿದರೆ ಅವರು ನನ್ನ ಕಡೆ ತಿರುಗದೆ ನಮ್ಮವರ ಮುಖ ನೋಡುತ್ತಿದ್ದರು. ನಮ್ಮವರು ನನ್ನ ಮಾತನ್ನು ಎತ್ತಿ ಆ ಬಲಗಿವಿಗೆ ಹಾಕುತ್ತಿದ್ದರು. "ಇನ್ನೊಂದ್ ಮುದ್ದೆ ಹಾಕ್ಲಾ ಅಂತ ಕೇಳ್ತಾವ್ಳೆ ಸಾರ್." ನನ್ನ ಮನೆ, ನಾನು ತೊಳಸಿದ ಮುದ್ದೆ, ನನ್ನದೇ ಮಾತು. ಅಷ್ಟಾದರೂ ಅದು ನನ್ನ ಗಂಡನ ಬಾಯಿಂದ ಹಾದುಹೋಗದೆ ಅವರಿಗೆ ಮುಟ್ಟುತ್ತಿರಲಿಲ್ಲ.

ಹೋದ ವಾರ ಕೊತ್ತಗೆರೆಯಿಂದ ಅವರ ಅಕ್ಕನ ಮಗ ಫೋನ್ ಮಾಡಿದ್ದ. "ಮಾವ ಹೋಗ್ಬುಟ್ರು ಅಕ್ಕ. ಏನಾದ್ರೂ ಆದ್ರೆ ಗುಬ್ಬಿಗೆ, ನಿಮ್ಗೆ, ಮೊದ್ಲು ತಿಳ್ಸು ಅಂದಿದ್ರು." ಮೊದಲು ಬಂದದ್ದು ಅಳುವಲ್ಲ. ಇದರಲ್ಲೂ ನನ್ನನ್ನು ಹಿಂದೆ ಹಾಕಿ ಹೊರಟರಲ್ಲ ಎಂಬ ಉರಿ. ನಮ್ಮವರು ಹೋಗಿ ಆಗಲೇ ಕೆಲವು ವರ್ಷ ಆಗಿದೆ. ಈಗ ಅವರ ಪಕ್ಕ ಮೊದಲು ಹೋಗಿ ಕೂತವರು ಇವರು.

ತುಮಕೂರಿನಲ್ಲಿ ಪೊಲೀಸರ ಆಯುಧ ಕೋಣೆ ನೋಡಿಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ಅವರು. ಎಲ್ಲರೂ ದಫೇದಾರರು ಎನ್ನುತ್ತಿದ್ದರು, ನಾನೂ ಹಾಗೆಯೇ ಬರೆಯುತ್ತೇನೆ. ಉದ್ದನೆಯ ಒಣಕಲು ಮೈ, ಕಣಕಾಲಿನ ಮೇಲೇ ನಿಂತುಬಿಡುವ ಖಾಕಿ ಪ್ಯಾಂಟು, ಸೊಂಟದಲ್ಲಿ ಎಲೆಅಡಿಕೆಯ ಚೀಲ. ಬಂದೂಕಿನ ಎಣ್ಣೆ ಮತ್ತು ಸುಣ್ಣ, ಎರಡೂ ಸೇರಿದ ಒಂದು ವಾಸನೆ ಅವರಿಗಿಂತ ಮುಂಚೆ ಮನೆಯೊಳಗೆ ಬರುತ್ತಿತ್ತು. ಯಾರನ್ನೂ ಹೊಗಳಿದವರಲ್ಲ. ಬಹಳ ಮೆಚ್ಚಿದರೆ "ಆಗ್ಬೋದು" ಎನ್ನುತ್ತಿದ್ದರು. ಆ ಒಂದು "ಆಗ್ಬೋದು" ಸಿಕ್ಕ ದಿನ ನಮ್ಮವರು ಸಿಳ್ಳೆ ಹಾಕಿಕೊಂಡು ಮನೆಗೆ ಬರುತ್ತಿದ್ದರು. ಸ್ವಲ್ಪ ದಿನ ಕಳೆದ ಮೇಲೆ ನನ್ನ ಸಾರಿಗೂ ನಮ್ಮವರು "ಆಗ್ಬೋದು" ಎನ್ನತೊಡಗಿದರು. ಅದಕ್ಕೆ ಮುಂಚೆ ನನ್ನ ಸಾರು ಬೆರಳು ಚೀಪುವ ಹಾಗಿರುತ್ತಿತ್ತು.

ಇವರಿಬ್ಬರೂ ಸೇರಿದ್ದು ಕುಣಿಗಲ್ಲಿನಲ್ಲಿ, ತೊಂಬತ್ತರ ದಶಕದ ಮೊದಲಲ್ಲಿ. ಅದಕ್ಕೆ ಕಾರಣ ನನ್ನ ಹುಣಸೆಹಣ್ಣು.

ಆಗ ನಮ್ಮವರು ಖಜಾನೆ ಕಾವಲಿಗಿದ್ದರು. ಕಾವಲಿನವರಿಗೆ ತ್ರೀ ನಾಟ್ ತ್ರೀ ರೈಫಲ್ಲು, ಅದರ ಜೊತೆ ಒಂದಷ್ಟು ತೋಟಾ, ಹಿತ್ತಾಳೆ ಕೊಳವೆಯ ಗುಂಡು. ತೋಟಾ ಎಲ್ಲ ಮಿಲಿಟರಿಯವರು ತಮಗೆ ಬೇಡವಾದ ಮೇಲೆ ಪೊಲೀಸರಿಗೆ ದಾಟಿಸಿದ್ದು, ನಾವು ಹುಟ್ಟುವುದಕ್ಕೆ ಮುಂಚಿನ ಕಾಲದ್ದು. ಯಾರೂ ಹೊಡೆಯುತ್ತಿರಲಿಲ್ಲ. ಡ್ಯೂಟಿ ಬದಲಾದಾಗ ಒಬ್ಬರು ಇನ್ನೊಬ್ಬರಿಗೆ ಎಣಿಸಿ ಕೊಡುವುದು, ಸಾಹೇಬರ ಇನ್‌ಸ್ಪೆಕ್ಷನ್ ಬಂದಾಗ ಹೊಳೆಯುವ ಹಾಗೆ ಉಜ್ಜಿ ಜೋಡಿಸುವುದು, ಅಷ್ಟೇ. ಬೆಲ್ಟಿನ ಬಿಲ್ಲೆ ಉಜ್ಜುವ ಪಾಲಿಶನ್ನೇ ಎಲ್ಲರೂ ಇದಕ್ಕೂ ಹಾಕುತ್ತಿದ್ದರು. "ಕಪ್ಪು ಕೂತ್ಕೊಂಡಿದೆ ಕಣೇ, ಹೋಗ್ತಾನೇ ಇಲ್ಲ" ಎಂದು ನಮ್ಮವರು ಗೊಣಗಿದಾಗ, ದೀಪ ಬೆಳಗುವ ಹಾಗೆ ಮೊದಲು ಹುಣಸೆಹಣ್ಣು ಹಾಕಿ, ಆಮೇಲೆ ಪಾಲಿಶ್ ಹಾಕಿ ಎಂದವಳು ನಾನು. ಆ ಸಲ ಇಡೀ ಜಿಲ್ಲೆಯಲ್ಲಿ ಅಷ್ಟು ಹೊಳೆಯುವ ಗುಂಡು ಇರಲಿಲ್ಲವಂತೆ.

ದಫೇದಾರರು ತಪಾಸಣೆಗೆ ಬಂದು ಒಂದನ್ನು ಎತ್ತಿಕೊಂಡು ಬಿಸಿಲಿಗೆ ಹಿಡಿದರಂತೆ.

"ಏನ್ಲಾ ಇದು? ಗುಂಡೋ, ದೇವ್ರ ದೀಪಾನೋ?"

"ಇನ್‌ಸ್ಪೆಕ್ಷನ್ನು ಸಾರ್. ಹೊಳೀಲಿ ಅಂತ."

"ಹೊಳೀತದೆ ಹೊಳೀತದೆ. ಕೆನ್ನೆ ಪಕ್ಕ ಇಟ್ಕೊಂಡು ಹೊಡ್ದಾಗ ಇನ್ನೂ ಚೆನ್ನಾಗಿ ಹೊಳೀತದೆ. ಬಿರುಕು ಎಲ್ಲೈತೆ, ತೋರ್ಸು ನೋಡಾನ. ತಳದಾಗೆ ಇದ್ದ ಇಸ್ವಿ ಎಲ್ಲೋಯ್ತು? ಸಾರಿಗೆ ಹಾಕ್ಕಂಡ್ರಾ?"

ಹಳೆಯ ಹಿತ್ತಾಳೆ ತಾನಾಗಿ ಬಿರಿಯುತ್ತದಂತೆ. ಪಾಲಿಶಿನ ಮದ್ದು ತಗುಲಿದರೆ ಇನ್ನೂ ಬೇಗ. ಉಜ್ಜಿ ಉಜ್ಜಿ ಸಣ್ಣ ಬಿರುಕುಗಳನ್ನು ಮುಚ್ಚಿ, ಯಾವ ಕಾಲದ್ದು ಎಂದು ಹೇಳುವ ಗುರುತನ್ನೂ ಅಳಿಸಿ, ಒಳ್ಳೆಯದು ಯಾವುದು ಕೆಟ್ಟದ್ದು ಯಾವುದು ಎಂದು ಗೊತ್ತಾಗದ ಹಾಗೆ ಮಾಡಿಟ್ಟಿದ್ದರು ಇವರು. ಅಷ್ಟನ್ನೂ ಪರೀಕ್ಷೆಗೆಂದು ತುಮಕೂರಿಗೆ ಸಾಗಿಸಬೇಕಾಯಿತು. ಬೈಸಿಕೊಂಡ ಗಂಡ ಮುಖ ಸಪ್ಪಗೆ ಮಾಡಿಕೊಂಡು ಬರುತ್ತಾರೆ ಎಂದುಕೊಂಡಿದ್ದೆ. ಇವರು ನಗುತ್ತಾ ಬಂದರು. "ಎಂಥಾ ಮನುಷ್ಯ ಅಂತೀಯ! ಸಾರಿಗೆ ಹಾಕ್ಕಂಡ್ರಾ ಅಂತಾರೆ ಕಣೇ!" ಹುಣಸೆಹಣ್ಣು ನನ್ನದು ಎಂಬುದು ಇವರಿಗೆ ಮರೆತೇಹೋಗಿತ್ತು. ಆವತ್ತಿನಿಂದ ನನಗೆ ಆ ಮನುಷ್ಯನನ್ನು ಕಂಡರೆ ಆಗುತ್ತಿರಲಿಲ್ಲ.

ವರ್ಷ ತುಂಬುವುದರೊಳಗೆ ನಮ್ಮವರು ತಾವಾಗಿ ಕೇಳಿಕೊಂಡು ಆಯುಧ ಕೋಣೆಗೆ ಸೇರಿದರು. ನಾವು ತುಮಕೂರಿನ ಕ್ವಾರ್ಟರ್ಸಿಗೆ ಬಂದೆವು. ಅಲ್ಲಿಂದ ಮುಂದೆ ಊಟಕ್ಕೆ ಕೂತರೆ ದಫೇದಾರರ ಮಾತೇ. ಒಂದು ಪೆಟ್ಟಿಗೆಯ ತೋಟಾ ಬಂದರೆ ಮೊದಲು ಮೂಸುತ್ತಾರಂತೆ; ಮದ್ದು ಕೆಟ್ಟಿದ್ದರೆ ಹುಳಿ ವಾಸನೆ. ಒಂದನ್ನು ಬಿಚ್ಚಿ ಒಳಗಿನ ಮದ್ದು ನೋಡುತ್ತಾರಂತೆ. ಅದು ಶಾವಿಗೆಯ ಹಾಗೆ ಎಳೆ ಎಳೆ ಇರುತ್ತದಂತೆ. ನಾನು ಶಾವಿಗೆ ಉಪ್ಪಿಟ್ಟು ಮಾಡಿದ ಬೆಳಿಗ್ಗೆ ನಮ್ಮವರು ಒಂದು ಎಳೆಯನ್ನು ಬೆರಳಲ್ಲಿ ಎತ್ತಿಹಿಡಿದು, "ಥೇಟ್ ಇದೇ ಕಣೇ!" ಎಂದರು. ಒಗ್ಗರಣೆಯ ಮಾತು ಬರಲೇ ಇಲ್ಲ.

ಊರಾಚೆ ಗುಡ್ಡದ ಬುಡದಲ್ಲಿ ಫೈರಿಂಗ್ ಜಾಗ. ಮರದ ಚೌಕಟ್ಟಿಗೆ ರೈಫಲ್ ಬಿಗಿದು, ಲಾರಿಯ ಹಳೆ ಟಯರು, ಮರಳುಚೀಲ ಒತ್ತಿ, ಕುದುರೆಗೆ, ಅಂದರೆ ಟ್ರಿಗರಿಗೆ, ಹಗ್ಗ ಕಟ್ಟಿ, ಇಬ್ಬರೂ ಮಣ್ಣುದಿಬ್ಬದ ಹಿಂದೆ ಕೂತು ಹಗ್ಗ ಎಳೆಯುವುದು. ಹೊಡೆದಾದ ಮೇಲೆ ಖಾಲಿ ಕೊಳವೆಯನ್ನು ಪರೀಕ್ಷಿಸುವುದು. ತಳದ ಕ್ಯಾಪು ಚಪ್ಪಟೆಯಾಗಿದೆಯೇ, ಸುತ್ತ ಮಸಿ ಹತ್ತಿದೆಯೇ, ತಳದ ಸ್ವಲ್ಪ ಮೇಲೆ ಬಳೆಯ ಹಾಗೆ ಹೊಳೆಯುವ ಗೆರೆ ಇದೆಯೇ. ಒಂದರಲ್ಲಿ ಕಂಡರೂ ಆ ಪೆಟ್ಟಿಗೆಯನ್ನೇ ಕೈಬಿಡುತ್ತಿದ್ದರು. ಒಳಗೆ ಎಷ್ಟು ಒತ್ತಡ ಬಿತ್ತು ಎಂದು ಅಳೆಯುವ ಯಂತ್ರ ಇಲ್ಲಿರಲಿಲ್ಲ. ದಫೇದಾರರು ಹಿಂದೆ ಯಾವುದೋ ಮಿಲಿಟರಿ ಕಾರ್ಖಾನೆಯಲ್ಲಿ ತರಬೇತಿಗೆ ಹೋದಾಗ ನೋಡಿದ್ದರಂತೆ. ರೈಫಲ್ಲಿಗೆ ತೂತು ಕೊರೆದು ಅದರಲ್ಲಿ ತಾಮ್ರದ ಸಣ್ಣ ತುಂಡು ಕೂರಿಸಿ ಹೊಡೆಯುತ್ತಾರೆ, ತಾಮ್ರ ಎಷ್ಟು ಕುಗ್ಗಿತು ಎಂದು ನೋಡಿ ಒತ್ತಡ ಹೇಳುತ್ತಾರೆ. ಅಲ್ಲಿಂದ ತಂದಿದ್ದ ಕುಗ್ಗಿದ ತಾಮ್ರದ ತುಂಡೊಂದನ್ನು ಅವರು ನಮ್ಮವರಿಗೆ ಕೊಟ್ಟರು. ಇವರು ಅದಕ್ಕೆ ತೂತು ಹಾಕಿಸಿ ಮನೆಯ ಬೀಗದಕೈಗೆ ಪೋಣಿಸಿಕೊಂಡರು. ಈಗಲೂ ನಾನು ಬೀಗ ತೆಗೆಯಬೇಕಾದರೆ ಆ ತಾಮ್ರವನ್ನು ಹಿಡಿದೇ ತೆಗೆಯಬೇಕು.

ಇನ್ನು ಎಲೆಯ ವಿಷಯ. ಹಗ್ಗ ಎಳೆದಾಗ ಗುಂಡು ಹಾರದೆ ಬರೀ ಟಿಕ್ ಅಂದರೆ, ಅದು ಸತ್ತ ಗುಂಡು ಎಂದು ಎದ್ದು ಹೋಗುವಂತಿಲ್ಲ. ಹಳೆಯ ಮದ್ದು ಒಳಗೇ ಕನಲುತ್ತಿದ್ದು ಆಮೇಲೆ ಹೊತ್ತಿಕೊಳ್ಳಬಹುದು. ಅಷ್ಟರಲ್ಲಿ ಬೋಲ್ಟ್ ಎಳೆದವನ ಮುಖ ಉಳಿಯುವುದಿಲ್ಲ. ಇಷ್ಟು ಹೊತ್ತು ಕಾಯಬೇಕು ಎಂದು ನಿಯಮ ಇತ್ತು. ದಫೇದಾರರು ಗಡಿಯಾರ ನೋಡುತ್ತಿರಲಿಲ್ಲ. "ಗಡಿಯಾರ ನೋಡೋನು ಅವಸರ ಮಾಡ್ತಾನೆ" ಎನ್ನುತ್ತಿದ್ದರಂತೆ. ಟಿಕ್ ಅಂದ ಕೂಡಲೇ ಚೀಲ ಬಿಚ್ಚಿ, ಎಲೆ ಒರೆಸಿ, ನಾರು ತೆಗೆದು, ಸುಣ್ಣ ಸವರಿ, ಅಡಿಕೆ ಇಟ್ಟು, ಮಡಿಸಿ, ಬಾಯಿಗಿಟ್ಟು, ರಸ ಬಿಟ್ಟುಕೊಂಡ ಮೇಲೆ ಏಳುವುದು. ನಮ್ಮವರಿಗೆ ಮದುವೆಯಲ್ಲಿ ತಾಂಬೂಲ ತಿನ್ನಿಸಲು ನಮ್ಮಮ್ಮ ಗೋಗರೆಯಬೇಕಾಗಿತ್ತು. ಈಗ ತುಟಿ ಕೆಂಪು ಮಾಡಿಕೊಂಡು ಮನೆಗೆ ಬರತೊಡಗಿದರು. ಬಿಳಿ ಬನಿಯನ್ನಿನ ಮೇಲೆ ಸುಣ್ಣದ ಬೆರಳು, ಎಲೆಯ ಕಲೆ. ಒಗೆಯುವಾಗ ನನಗೆ ಏನೇನೋ ಅನ್ನಿಸುತ್ತಿತ್ತು. ಬೇರೆ ಹೆಂಗಸಿನ ಕುಂಕುಮ ಕಂಡಿದ್ದರೆ ಜಗಳ ಆಡಿ ಮುಗಿಸಬಹುದಿತ್ತು. ಇದಕ್ಕೆ ಯಾರ ಹತ್ತಿರ ದೂರು ಹೇಳುವುದು?

ಆ ಅಭ್ಯಾಸ ಮಾತಿಗೂ ಹತ್ತಿತು. ದಫೇದಾರರನ್ನು ಏನು ಕೇಳಿದರೂ ಅವರು ಮೊದಲು ಎಲೆ ತೆಗೆಯುತ್ತಿದ್ದರು, ಮಡಿಸಿ ಬಾಯಿಗಿಟ್ಟ ಮೇಲೆಯೇ ಉತ್ತರ. ನಮ್ಮವರೂ ಹಾಗೇ ಆದರು. "ಮಗಳ ಫೀಸಿಗೆ ಯಾವಾಗ ಹೋಗ್ತೀರಿ?" ಎಂದು ಕೇಳಿದರೆ ಎಲೆ ಒರೆಸುತ್ತಾ ಕೂರುವರು. "ರೀ, ನಾನೇನು ಸಿಡಿಯೋಕೆ ಹೊರಟಿದೀನಾ?" ಎಂದು ಒಂದು ದಿನ ರೇಗಿದೆ. ಎಲೆ ಮಡಿಸಿ ಬಾಯಿಗಿಟ್ಟುಕೊಂಡು, "ಹೇಳಕ್ಕಾಗಲ್ಲ" ಎಂದರು.

ನನ್ನ ತಂಗಿಯ ನಿಶ್ಚಿತಾರ್ಥ ಕುಣಿಗಲ್ಲಿನ ಗಂಡಿನ ಮನೆಯಲ್ಲಿತ್ತು. ಅದೇ ಬೆಳಿಗ್ಗೆ ಇವರಿಗೆ ಫೈರಿಂಗ್. ಬೇಗ ಬರಲೇಬೇಕು ಎಂದು ನಾನು ಬಾಗಿಲಲ್ಲೇ ನಿಂತು ಕೂಗಾಡಿದ್ದೆ. ಇವರು ಬಂದರು, ಬಟ್ಟೆ ಬದಲಾಯಿಸಿದರು, ನಿಶ್ಚಿತಾರ್ಥದಲ್ಲಿ ಪಾಯಸ ಮುಟ್ಟಲಿಲ್ಲ. ಆವತ್ತು ಏನಾಯಿತು ಎಂದು ನನಗೆ ಎರಡು ದಿನ ಬಿಟ್ಟು ಗೊತ್ತಾಯಿತು. ಹೇಳಿದ್ದು ಗಂಡನಲ್ಲ, ನಲ್ಲಿಯ ಹತ್ತಿರ ಜೀಪ್ ಡ್ರೈವರನ ಹೆಂಡತಿ. ಹಗ್ಗ ಎಳೆದಾಗ ಟಿಕ್ ಅಂದಿತಂತೆ. ಹೊತ್ತಾಯಿತು ಎಂದು ಇವರು ದಿಬ್ಬ ಬಿಟ್ಟು ಎದ್ದು ರೈಫಲ್ಲಿನ ಕಡೆ ಓಡಿದರಂತೆ. ದಫೇದಾರರು ಹಿಂದಿನಿಂದ ಬೆಲ್ಟಿಗೆ ಕೈಹಾಕಿ ಮಣ್ಣಿಗೆ ಕೆಡವಿ, "ಎಲೆ ಮಡ್ಚಿಲ್ಲ ಕಣ್ಲಾ ಇನ್ನೂವೆ!" ಎಂದು ಕೂಗಿದರಂತೆ. ಇನ್ನೊಂದು ಕೈಯಲ್ಲಿ ನಾರು ತೆಗೆಯುತ್ತಿದ್ದ ಎಲೆ ಹಾಗೇ ಇದ್ದಾಗ ಗುಂಡು ಹಾರಿತಂತೆ. "ನಿನ್ನ ತಾಳಿ ಉಳ್ಸಿದ್ದು ಆ ಮುದುಕಪ್ಪ ಕಣೇ" ಎಂದಳು ಅವಳು, ಕೊಡ ಎತ್ತಿ ಸೊಂಟಕ್ಕಿಟ್ಟುಕೊಳ್ಳುತ್ತಾ.

ಕೈಮುಗಿಯಬೇಕಾಗಿತ್ತು, ನಿಜ. ನನಗೆ ಬಂದದ್ದು ಸಿಟ್ಟು. ಅಪಾಯದ ಪಕ್ಕ ಕರೆದುಕೊಂಡು ಹೋಗಿ ಕೂರಿಸುವವರೂ ಅವರೇ, ಅಲ್ಲಿಂದ ಎಳೆದು ಉಳಿಸುವವರೂ ಅವರೇ ಆದರೆ ನಡುವೆ ನಾನು ಯಾರು? ಮಾರನೆಯ ದಿನವೇ ಕ್ಯಾತ್ಸಂದ್ರಕ್ಕೆ ಹೋದೆ. ಹಾಸ್ಟೆಲ್ ಹುಡುಗರೇ ತುಂಬಿರುವ ಒಂದು ಓಣಿಯಲ್ಲಿ ಅವರದು ಬಾಡಿಗೆ ಕೋಣೆ. ಹೆಂಡತಿ ಮದುವೆಯಾದ ಹೊಸದರಲ್ಲೇ ತೀರಿಹೋಗಿದ್ದರು, ಆಮೇಲೆ ಒಬ್ಬರೇ. ಬಾಗಿಲ ಹೊರಗೆ ಸ್ಟೂಲ್ ಹಾಕಿಕೊಂಡು ಕೂತಿದ್ದರು. ಗೊತ್ತಿದ್ದೂ ಗೊತ್ತಿದ್ದೂ ನಾನು ನಿಂತದ್ದು ಎಡಕ್ಕೇ.

"ಇವ್ರನ್ನ ಆ ಕೆಲಸದಿಂದ ಬಿಡಿಸಿ" ಎಂದೆ.

"ಏನಂದ್ರಿ ಕಣಮ್ಮ?"

"ಇವರನ್ನ ಬಿಡಿ ಅಂದೆ."

"ಯಾರ್ನ?"

ಗಟ್ಟಿಯಾಗಿ ಕೂಗಿಬಿಟ್ಟೆ. "ನನ್ನ ಗಂಡನ್ನ! ನನ್ನ ಗಂಡನ್ನ ನನಗೆ ಬಿಟ್ಟುಬಿಡಿ ಅಂತ ಕೇಳ್ತಿದೀನಿ!"

ಓಣಿಯೇ ನಿಂತುಹೋಯಿತು. ಮಹಡಿಯ ಮೇಲೆ ಹುಡುಗರು ಬಗ್ಗಿ ನೋಡಿದರು. ಎದುರು ಮನೆಯ ಮುದುಕಿ ಅಕ್ಕಿ ಆರಿಸುವುದನ್ನು ಬಿಟ್ಟು, "ಅಯ್ಯೋ ಶಿವನೇ, ಯಾರೇ ಅವ್ಳು?" ಎಂದು ಒಳಗೆ ಇಣುಕಿದಳು. ಕೋಣೆಯೊಳಗೆ ಹೆಂಗಸು ಯಾರೂ ಇಲ್ಲದ್ದನ್ನು ಕಂಡು ಅವಳಿಗೆ ಬೇಜಾರೇ ಆಗಿರಬೇಕು.

ದಫೇದಾರರು ನಗಲಿಲ್ಲ. ಚೀಲ ಬಿಚ್ಚಿದರು. ಎಲೆ ಒರೆಸಿ, ನಾರು ತೆಗೆದು, ಸುಣ್ಣ ಹಚ್ಚಿ, ಮಡಿಸಿ ಬಾಯಿಗಿಟ್ಟರು. ನಾನು ಅಷ್ಟು ಹೊತ್ತೂ ಉರಿಯುತ್ತಾ ನಿಂತಿದ್ದೆ. ಆಮೇಲೆ ಹೇಳಿದರು: "ಕರ್ಕೊಂಡೋಗಿ ತಾಯಿ. ನಾನು ಹೇಳ್ಬುಡ್ತೀನಿ."

ಹೇಳಿದ ಹಾಗೇ ಮಾಡಿದರು. ನಮ್ಮವರಿಗೆ ಗುಬ್ಬಿಯ ಖಜಾನೆ ಕಾವಲು ಸಿಕ್ಕಿತು. ಗುಬ್ಬಿ ನನ್ನ ತವರು, ಅಪ್ಪನ ತೆಂಗಿನತೋಟದ ಪಕ್ಕವೇ ಮನೆ ಮಾಡಿದೆವು. ನಾನು ಕೇಳಿದ್ದು ಸರಿ ಎಂದು ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಬೇರೆ ಯಾವ ಹೆಂಡತಿಯಾದರೂ ಅದನ್ನೇ ಕೇಳುತ್ತಿದ್ದಳು. ಆದರೆ ಗೆದ್ದುಕೊಂಡು ಬಂದ ಗಂಡ ಜಗುಲಿಯಲ್ಲಿ ಕೂತರೆ ಮುಖ ಮಾತ್ರ ತುಮಕೂರಿನ ರಸ್ತೆಯ ಕಡೆ. ಭಾನುವಾರ ಬಂದರೆ ಸ್ನಾನ ಮಾಡಿ, ತಲೆ ಬಾಚಿ, ಬಸ್ ಹತ್ತಿ ತುಮಕೂರಿನ ಶಿರಾ ಗೇಟಿಗೆ. ಅಲ್ಲಿ ಒಂದು ಹೋಟೆಲಿನ ಮೂಲೆ ಬೆಂಚಿನಲ್ಲಿ ಇಬ್ಬರೂ ಮಧ್ಯಾಹ್ನದವರೆಗೆ. "ಏನು ಮಾತಾಡ್ತೀರಿ ಅಷ್ಟೊತ್ತು?" ಎಂದರೆ, "ಏನಿಲ್ಲ ಕಣೇ, ಹಿಂಗೇ." ಆರು ದಿನ ನನಗೆ ಸಿಕ್ಕಿತು, ಭಾನುವಾರ ಹೋಯಿತು. ಆ ಆರೂ ಸೇರಿಸಿದರೂ ಒಂದು ಭಾನುವಾರದ ಖುಷಿ ನಮ್ಮವರ ಮುಖದಲ್ಲಿ ಬರುತ್ತಿರಲಿಲ್ಲ.

ದೀಪಾವಳಿಯಲ್ಲಿ ಬೀದಿಯ ಮಕ್ಕಳ ಪಟಾಕಿ ಠುಸ್ ಎಂದರೆ ನಮ್ಮವರು ಎಲ್ಲರನ್ನೂ ತಡೆದು ನಿಲ್ಲಿಸಿ ಎಲೆ ತೆಗೆಯುತ್ತಿದ್ದರು. ಮಕ್ಕಳು ಸುತ್ತ ಕುಣಿಯುತ್ತಾ "ಎಲೆ ಮಡ್ಚಿ, ಎಲೆ ಮಡ್ಚಿ" ಎಂದು ಕೂಗುವರು. ಈಗ ಆ ಮಕ್ಕಳೆಲ್ಲ ದೊಡ್ಡವರಾಗಿದ್ದಾರೆ, ಬೀದಿಯಲ್ಲಿ ಆ ಆಟ ಇನ್ನೂ ಉಳಿದಿದೆ. ನನ್ನ ಗಂಡನ ಆಟ ಎಂದು ಅವರು ತಿಳಿದಿದ್ದಾರೆ. ಅದು ಯಾರದ್ದು ಎಂದು ನನಗೆ ಗೊತ್ತು.

ಎರಡು ಸಾವಿರ ಇಸವಿ ದಾಟಿದ ಮೇಲೆ ಹಳೆ ರೈಫಲ್ಲುಗಳು ಒಂದೊಂದಾಗಿ ವಾಪಸ್ಸಾದವು, ದಫೇದಾರರು ರಿಟೈರಾದರು. ಅದಾದ ಸ್ವಲ್ಪ ಕಾಲಕ್ಕೆ ಒಂದು ಬೆಳಿಗ್ಗೆ ನಮ್ಮವರು ಎದೆ ಹಿಡಿದುಕೊಂಡು ಜಗುಲಿಯಲ್ಲೇ ಕುಸಿದರು. ನಾನು ಎಲೆಗೆ ಸುಣ್ಣ ಹಚ್ಚಿಕೊಡುತ್ತಿದ್ದೆ. ಮಡಿಸುವಷ್ಟು ಹೊತ್ತು ಕೂಡ ಕೊಡಲಿಲ್ಲ.

ಆವತ್ತು ಬಂದ ಪೊಲೀಸಿನವರೆಲ್ಲ ಮೊದಲು ಹೋಗಿ ಕೈಹಿಡಿದದ್ದು ದಫೇದಾರರನ್ನು. "ಹಿಂಗಾಗಬಾರದಿತ್ತು ಸಾರ್." "ಧೈರ್ಯ ತಗೊಳ್ಳಿ ಸಾರ್." ಅವರು ಬಾಯಿಗೆ ಟವೆಲ್ ಒತ್ತಿಕೊಂಡು ಗೊಳೋ ಎಂದು ಅಳುತ್ತಿದ್ದರು. ನನಗೆ ಅಳು ಬಂದಿರಲಿಲ್ಲ. ನನ್ನ ಅಳುವನ್ನೂ ಅವರೇ ಎತ್ತಿಕೊಂಡರು ಎಂದು ನೋಡುತ್ತಾ ಕೂತಿದ್ದೆ.

ತಿಥಿ ಕಳೆದ ಮೇಲೆ ಇನ್ನು ಬರುವುದಿಲ್ಲ ಎಂದುಕೊಂಡೆ. ಬಂದರು. ಕೊತ್ತಗೆರೆಯಲ್ಲಿ ಅಕ್ಕನ ಮನೆ ಸೇರಿದ್ದರೂ ಎರಡು ಬಸ್ ಬದಲಾಯಿಸಿ ಆಗಾಗ ಗುಬ್ಬಿಗೆ ಬರುತ್ತಿದ್ದರು. ಜಗುಲಿಯಲ್ಲಿ ಕೂರುವುದು, ಎಲೆ ಹಾಕುವುದು, ಕಾಫಿ ಕುಡಿಯುವುದು, ಏಳುವುದು. ಅವರ ಬಲಕ್ಕಿದ್ದ ಕುರ್ಚಿ ಖಾಲಿ. ನಾನು ಅಭ್ಯಾಸದ ಹಾಗೆ ಎಡಕ್ಕೆ, ಬಾಗಿಲಲ್ಲಿ. ಮಾತು ದಾಟಿಸುವವರು ಇರಲಿಲ್ಲ, ಆದ್ದರಿಂದ ಮಾತೂ ಇರಲಿಲ್ಲ.

ಹೋದ ಸಲ ಬಂದಾಗ ಬಹಳ ಇಳಿದುಹೋಗಿದ್ದರು. ಇನ್ನೊಂದು ಸಲ ಬರುತ್ತಾರೋ ಇಲ್ಲವೋ ಅನ್ನಿಸಿತು. ನಾನು ಹೋಗಿ ಆ ಬಲಗಡೆಯ ಕುರ್ಚಿಯಲ್ಲಿ ಕೂತೆ. ಅವರು ಸ್ವಲ್ಪ ಬೆಚ್ಚಿದರು.

"ಅಲ್ಲಿ ದಿಬ್ಬದ ಹಿಂದೆ ಕೂತ್ಕೊಂಡು ಕಾಯುವಾಗ ಇವರು ಏನು ಮಾತಾಡ್ತಿದ್ರು?" ಎಂದು ಕೇಳಿದೆ. "ನನ್ನ ಹತ್ರ ಹೇಳದೇ ಇರೋ ಅಂಥಾದ್ದು ಏನಿತ್ತು?"

ಎಲೆ ತೆಗೆದರು. ನಾರು ಸರಿಯಾಗಿ ಬರಲಿಲ್ಲ. ನಾನು ಈ ಸಲ ಉರಿಯದೆ ಕಾದೆ. ಮಡಿಸಿ ಬಾಯಿಗಿಟ್ಟುಕೊಂಡು ಆ ಮುದುಕ, ಸೊಂಟಕ್ಕೆ ಕೈ ಇಟ್ಟು, ತಲೆ ಒಂದು ಕಡೆ ವಾಲಿಸಿ, ಸಣ್ಣ ದನಿಯಲ್ಲಿ ಶುರುಮಾಡಿದರು: "ಊಟಕ್ಕೆ ಮುಂಚೆ ಬರಲಿಲ್ಲ ಅಂದ್ರೆ ಮನೆಗೇ ಬರಬೇಡಿ! ಆ ಬಂದೂಕಿನ ಜೊತೇಲೇ ಸಂಸಾರ ಮಾಡ್ಕೊಳ್ಳಿ! ನಾನು, ನನ್ನ ಮಗಳು ತವರಿಗೆ ಹೋಗ್ತೀವಿ!"

ನನ್ನದೇ ಮಾತು, ತಂಗಿಯ ನಿಶ್ಚಿತಾರ್ಥದ ಬೆಳಿಗ್ಗೆ ಬಾಗಿಲಲ್ಲಿ ನಿಂತು ಆಡಿದ್ದು. ಆದರೆ ಆ ಕೈ ಇಟ್ಟ ರೀತಿ, ತಲೆ ವಾಲಿಸಿದ ರೀತಿ ನನ್ನದಾಗಿರಲಿಲ್ಲ. ನನ್ನನ್ನು ಅಣಕಿಸುವಾಗ ನಮ್ಮವರು ಹಾಗೆ ಮಾಡುತ್ತಿದ್ದರು.

"ಇದೇ ಕಣಮ್ಮ ಮಾತು," ಎಂದರು. "ಬೆಳಗಾಗೆದ್ದು ನೀವು ಏನು ಬೈದ್ರಿ, ಹೆಂಗ್ ಬೈದ್ರಿ, ದಿನಾ ಮಾಡಿ ತೋರ್ಸೋನು. ನಗ್ತಾ ಇದ್ವಿ. ಶಿರಾ ಗೇಟ್‌ನಾಗೂ ಇದೇಯ. ನಮ್ ಮನೇಲಿ ಬೈಯೋರು ಯಾರಿದ್ರು ಹೇಳಿ? ಕೇಳ್ತಾ ಕೇಳ್ತಾ ನಂಗೆ ಹೊಟ್ಟೆ ಉರೀತಿತ್ತು."

ನಾನು ಒಳಗೆ ಹೋಗಿ ಕಾಫಿ ಬಿಸಿ ಮಾಡಿದೆ. ಅದು ಆಗಲೇ ಬಿಸಿಯಿತ್ತು. ನನ್ನ ಬೈಗುಳ ಕೇಳಿ ನನ್ನ ಗಂಡ ಅಷ್ಟು ನಗುತ್ತಿದ್ದರು. ಆ ನಗುವನ್ನು ಎದುರಿಗೆ ಕೂತು ಕಂಡವರು ಇವರು, ಅಷ್ಟು ವರ್ಷ, ನಾನು ಒಂದು ಸಲವೂ ಅಲ್ಲ. ಅವರಿಗೆ ಹೊಟ್ಟೆ ಉರಿದಿತ್ತಂತೆ! ನನಗೇನು ಆರಿತ್ತೇ?

ಹೋದ ವಾರ ಫೋನ್ ಬಂದ ಮೇಲೆ ಕೊತ್ತಗೆರೆಗೆ ನಾನು ಮುಟ್ಟುವಷ್ಟರಲ್ಲಿ ಅವರನ್ನು ಜಗುಲಿಯಲ್ಲಿ ಮಲಗಿಸಿದ್ದರು. ಸೊಂಟದ ಚೀಲವನ್ನು ಯಾರೂ ತೆಗೆದಿರಲಿಲ್ಲ. ಹೆಂಗಸರು ಎಡಕ್ಕೆ ಜಾಗ ಬಿಟ್ಟರು. ನಾನು ಸುತ್ತಿಬಂದು ಬಲಕ್ಕೆ ಕೂತೆ. ಬಗ್ಗಿ ಆ ಕಿವಿಯ ಹತ್ತಿರ ಮೆಲ್ಲಗೆ ಹೇಳಿದೆ. ಪಕ್ಕದವರು ದೇವರ ನಾಮ ಎಂದುಕೊಂಡಿರಬೇಕು.

"ಹೋಗಿ ಅವ್ರಿಗೆ ಹೇಳಿ. ಭಾನುವಾರ ಮಾತ್ರ ನಿಮ್ದು. ಮಿಕ್ಕಿದ್ದೆಲ್ಲ, ನಾನು ಬಂದ ಮೇಲೆ, ನಂದು."

ಆಮೇಲೆ ಎಲೆ ಮಡಿಸುವಷ್ಟು ಹೊತ್ತು ಅಲ್ಲೇ ಕೂತಿದ್ದು ಎದ್ದೆ.